ಬನ್ನಿ ಟೊಂಗೆಯ ಹರಕೆ

ತಿಕೋಟಾ ಬಸ್ಸಿನಲ್ಲಿ ಆಮ್ರಪಾಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ತೊರವಿಯ ಈ ಹುಡುಗಿ ಸಂಶೋಧನೆ ಮಾಡುವುದು ಬೂಷ್ಟಿನ ಮೇಲೆ. ರೊಟ್ಟಿಗೆ ಬೂಷ್ಟು ಬಂದರೆ ಮಂದಿ ಬೀಸಾಡುತ್ತಾರೆ, ಇವಳು ಅದನ್ನೇ ಗಾಜಿನ ತಟ್ಟೆಯಲ್ಲಿ ಸಾಕುತ್ತಾಳೆ. “ಕನ್ಯಾ ನೋಡಾಕ ಬಂದೋರಿಗೆ ಏನಂತ ಹೇಳ್ಲಿ?” ಎಂದು ತಾಯಿ ನಿರ್ಮಲಾ ಗೊಣಗುವುದುಂಟು.

ಗಿಡಕ್ಕೆ ಕೇಡು ಮಾಡದೆ ಗಿಡದ ಮೈಯೊಳಗೇ ಬದುಕುವ ಬೂಷ್ಟುಗಳಿವೆ. ತಿಕೋಟಾದ ದ್ರಾಕ್ಷಿ ತೋಟವೊಂದರ ಬದುವಿನ ಬನ್ನಿ ಗಿಡದಲ್ಲಿ ಅವಳಿಗೆ ಅಂಥದೊಂದು ಸಿಕ್ಕಿತ್ತು. ಯಾವ ಗುಳಿಗೆಗೂ ಜಗ್ಗದ ಕೀವಿನ ರೋಗಾಣುವನ್ನು ಅದರ ರಸ ತಟ್ಟೆಯಲ್ಲಿ ಕೊಂದಿತ್ತು. ಆದರೆ ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ಹೋದಂತೆ ಅದು ತನ್ನ ವಿದ್ಯೆ ಮರೆಯಿತು. ಬೆಳ್ಳಗೆ ಹಬ್ಬುತ್ತದೆ, ಕೆಲಸ ಮಾತ್ರ ಸೊನ್ನೆ. ಅದೇ ಟೊಂಗೆಯಿಂದ ಹೊಸದಾಗಿ ತೆಗೆಯದಿದ್ದರೆ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ.

ಗಿಡದ ಹತ್ತಿರ ಹೋದವಳು ಗಕ್ಕನೆ ನಿಂತಳು. ಗುರುತಿಗೆಂದು ಅವಳು ಕೆಂಪು ದಾರ ಕಟ್ಟಿದ್ದ ಟೊಂಗೆಯ ತುಂಬ ಈಗ ದಾರವೋ ದಾರ. ಯಾರದೋ ಹರಕೆಯೆಂದು ತಿಳಿದು ಊರವರೂ ಕಟ್ಟಿದ್ದರು. ಬುಡದಲ್ಲಿ ಹುಲಿಗೆವ್ವನೆಂಬ ಮುದುಕಿ ಊದಿನಕಡ್ಡಿ ಹಚ್ಚುತ್ತಿದ್ದಳು. ಆಮ್ರಪಾಲಿ ಕತ್ತರಿ ತೆಗೆದದ್ದೇ ತಡ, ಮುದುಕಿ ಎದ್ದು ಅಡ್ಡ ನಿಂತಳು.

“ಕಡೀಬ್ಯಾಡವಾ. ಹರಕಿ ಟೊಂಗಿ ಇದು.”

“ಮೊದಲನೇ ದಾರ ನಂದ ಐತ್ರಿ ಆಯಿ.”

“ಹೌದೇನು? ಏನ ಬೇಡಕೊಂಡಿದ್ದಿ?”

ಆಮ್ರಪಾಲಿ ಬುದ್ಧನ ಪಟಕ್ಕೆ ಕೈಮುಗಿಯುವ ಮನೆಯವಳು, ಹರಕೆ ಹೊತ್ತವಳೇ ಅಲ್ಲ. ಹಾಗಂತ ಹೇಳಿದರೆ ಟೊಂಗೆ ಸಿಗುವುದಿಲ್ಲ. “ಗಾಯದ ಔಷಧ ಸಿಗ್ಲಿ ಅಂತ್ರಿ.”

“ಸಿಕ್ಕೇತೇನು? ಬೇಡಿದ್ದು ಆದೋರಷ್ಟ ದಾರ ಬಿಚ್ಚಬೇಕು.”

“ಸಿಕ್ಕೇತ್ರಿ,” ಎಂದಳು. ಅರ್ಧ ಸುಳ್ಳು.

ಮುದುಕಿಯ ಮುಖ ಅರಳಿದ್ದು ನೋಡಿ ಆಮ್ರಪಾಲಿಗೆ ಭಯವೇ ಆಯಿತು. ಹುಲಿಗೆವ್ವ ತಾನೇ ಉಳಿದ ದಾರಗಳನ್ನು ಸರಿಸಿ ಟೊಂಗೆ ಬಗ್ಗಿಸಿ ಹಿಡಿದಳು.

“ನಮ್ಮ ಮನಿಯವರಿಗೆ ಸಕ್ರಿ ಬ್ಯಾನಿ. ಕಾಲಾನ ಹುಣ್ಣಿಗೆ ಯಾವ ಗುಳಗಿನೂ ನಾಟವಲ್ದು. ಬರೋ ಸೋಮಾರ ಬಿಜಾಪುರದ ದವಾಖಾನ್ಯಾಗ ಕಾಲ ಕಡದ ತಗೀತಾರಂತ. ಅದರೊಳಗ ನಿನ್ನ ಔಷಧ ಕೊಡ್ತಿಯೇನವಾ?”

ತಟ್ಟೆಯಲ್ಲಿದ್ದದ್ದು ಗುಳಿಗೆಯಾಗಲು ವರ್ಷಗಟ್ಟಲೆ ಬೇಕು, ಆಗದೆಯೂ ಹೋಗಬಹುದು.

“ನೋಡೋಣ್ರಿ,” ಎಂದಳು.

ನಮ್ಮ ಕಡೆ ‘ನೋಡೋಣ’ ಎಂದರೆ ಇಲ್ಲ ಅಂತಲೇ ಅರ್ಥ. ಎತ್ತು ಕೇಳಿದವರಿಗೂ ಕನ್ಯೆ ಕೇಳಿದವರಿಗೂ ಹೇಳುವುದು ಅದನ್ನೇ. ಹುಲಿಗೆವ್ವನಿಗೂ ತಿಳಿಯಿತು. ಹಿಡಿದ ಟೊಂಗೆಯನ್ನು ಮಾತ್ರ ಬಿಡಲಿಲ್ಲ.

“ಕತ್ತರಸವಾ,” ಎಂದಳು. “ಸೋಮಾರ ಆದ ಮ್ಯಾಲೂ ಮಂದಿಗೆ ಹುಣ್ಣ ಆಗ್ತಾವ.”