ತಗಡಿನ ಆಕಾಶದ ಕೆಳಗಿನ ಹುಡುಗಿ

ಆ ಕಥೆಯಲ್ಲಿ ಒಂದು ಊರು. ನಮ್ಮ ಶಿಕಾರಿಪುರದಂಥದ್ದಲ್ಲ, ಬಹಳ ದೊಡ್ಡದು. ಊರಿಗೆ ಊರೇ ತಗಡಿನ ಸೂರಿನ ಕೆಳಗಿದೆ. ಹೊರಗಿನ ಗಾಳಿ ವಿಷ ಅಂತ ಹೇಳಿ ಯಾವ ಕಾಲದಲ್ಲೋ ಅಲ್ಲಿಯ ಸರ್ಕಾರ ಮುಚ್ಚಿಸಿದ್ದು. ಒಳಗೆ ಹುಟ್ಟಿದವರು ಆಕಾಶ ನೋಡಿಲ್ಲ, ಮಳೆ ನೋಡಿಲ್ಲ. ಹದಿನಾರು ತುಂಬಿದ ದಿನ ಮನೆಗೆ ಒಂದು ಚೀಟಿ ಬರುತ್ತದೆ. ಚೀಟಿಯಲ್ಲಿ ಯಾವ ಕೆಲಸ ಬರೆದಿದೆಯೋ ಅದನ್ನೇ ಸಾಯುವ ತನಕ ಮಾಡಬೇಕು. ಕಥೆಯ ಹುಡುಗಿಗೆ ಬಂದದ್ದು ಸೂರಿನ ತಗಡು ಒರೆಸುವ ಕೆಲಸ. ಒಂದು ದಿನ ಏಣಿಯ ತುದಿಯಲ್ಲಿ ನಿಂತು ಒರೆಸುತ್ತಿರುವಾಗ ಅವಳ ಮೂಗಿನ ಮೇಲೆ ಒಂದು ಹನಿ ನೀರು ಬೀಳುತ್ತದೆ.

ಇದನ್ನು ನಾನು ಕೇಳಿದ್ದು ಎರಡು ವರ್ಷದ ಹಿಂದೆ, ಚಂದ್ರಗುತ್ತಿ ಗುಡ್ಡದ ಕೆಳಗಿನ ಒಂದು ಶುಂಠಿ ಹೊಲದಲ್ಲಿ, ಪಿಕಾಸಿ ಕೈಯಲ್ಲಿ ಹಿಡಿದುಕೊಂಡು.

ನಾನು ಶುಂಠಿ ಕೀಳುವ ಗುಂಪಿನ ಮೇಸ್ತ್ರಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಅದನ್ನು ಮುಚ್ಚಿಡುವಂಥದ್ದೇನೂ ಇಲ್ಲ. ಉಡುತಡಿ ಕಡೆಯ ನಮ್ಮೂರಿಂದ ಗೂಡ್ಸ್ ಗಾಡಿಯಲ್ಲಿ ಜನ ಕೂರಿಸಿಕೊಂಡು ಸೊರಬದ ಹೊಲಗಳಿಗೆ ಹೋಗುತ್ತೇನೆ, ಶುಂಠಿ ನೆಟ್ಟ ಏರುಪಾತಿ, ಅಂದರೆ ಮಡಿ, ಇಂತಿಷ್ಟು ಅಂತ ಒಪ್ಪಿಕೊಂಡರೆ ಅಷ್ಟು ಮುಗಿಸಿಯೇ ಗಾಡಿ ಹತ್ತುತ್ತೇನೆ. ನನ್ನ ಗುಂಪು ಕೆಲಸ ಕೆಡಿಸಿತು ಅಂತ ಇವತ್ತಿನವರೆಗೆ ಒಬ್ಬರೂ ಅಂದಿಲ್ಲ. ಗಂಡಸರು ನಾಲ್ಕು ಜನ ಪಿಕಾಸಿಯಿಂದ ಮಡಿ ಸಡಿಲ ಮಾಡುತ್ತಾ ಮುಂದೆ ಹೋಗುತ್ತೇವೆ. ಹಿಂದಿನಿಂದ ಹೆಂಗಸರು ಒಬ್ಬೊಬ್ಬರು ಒಂದೊಂದು ಮಡಿ ಹಿಡಿದು ಗೆಡ್ಡೆ ಎತ್ತಿ, ಮಣ್ಣು ಕೊಡವಿ, ಬೇರು ಚಿವುಟಿ ಬುಟ್ಟಿಗೆ ಹಾಕುತ್ತಾ ಬರುತ್ತಾರೆ.

ಆ ಸಲ ನಮ್ಮ ಗುಂಪಿನ ಹಿರಿಯಾಕೆ ತನ್ನ ತಮ್ಮನ ಮಗಳನ್ನು ಕರೆದುಕೊಂಡು ಬಂದಿದ್ದಳು. ಶಿಕಾರಿಪುರದ ಕಾಲೇಜಿನಲ್ಲಿ ಎರಡನೇ ವರ್ಷದ ಡಿಗ್ರಿ ಓದುವ ಹುಡುಗಿ. ಪರೀಕ್ಷೆ ಮುಗಿದು ರಜೆ ಸಿಕ್ಕಿತ್ತು. ಕೊನೆಯ ವರ್ಷ ಓದಬೇಕಾದರೆ ಫೀಸು ನೀನೇ ಹೊಂದಿಸಿಕೋ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದರು. ಈ ಹೊಲ ಮುಗಿಯುವ ತನಕ ನಮ್ಮ ಜೊತೆ ನಿಂತರೆ ಅವಳಿಗೆ ಕಾಲೇಜು, ಇಲ್ಲದಿದ್ದರೆ ಇಲ್ಲ. ವಿಷಯ ಅಷ್ಟು ಸರಳವಾಗಿತ್ತು.

ಆದರೆ ಹುಡುಗಿಗೆ ಕೆಲಸ ಬಗ್ಗಲಿಲ್ಲ. ಮೊದಲ ದಿನ ಎಲ್ಲರ ಮಡಿ ಮುಗಿದಾಗ ಅವಳದ್ದು ಅರ್ಧವೂ ಆಗಿರಲಿಲ್ಲ. ಎರಡನೇ ದಿನ ಅಂಗೈ ತುಂಬ ಬೊಬ್ಬೆ. ನಾಳೆಯಿಂದ ಬೇಡ ಅಂತ ಹೇಳುವುದಕ್ಕೆ ನಾನು ಬಾಯಿ ತೆಗೆದಿದ್ದೆ. ಊಟದ ಹೊತ್ತಿನಲ್ಲಿ ಅವಳು ಬದುವಿನ ಮೇಲೆ ಕೂತು ಒಂದು ದಪ್ಪ ಇಂಗ್ಲಿಷ್ ಪುಸ್ತಕ ಓದುತ್ತಿದ್ದಳು. ಒಬ್ಬಾಕೆ "ಏನದು, ನಮಗೂ ಹೇಳಬಾರದಾ?" ಅಂದಳು. ಹುಡುಗಿ ಇಂಗ್ಲಿಷಿನಲ್ಲಿ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದಳು. ಆ ನೀರಿನ ಹನಿ ಬಿತ್ತಲ್ಲ, ಅಲ್ಲಿಗೆ ಊಟದ ಹೊತ್ತು ಮುಗಿಯಿತು.

ಯಾರೂ ಏಳಲಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ಬಾಯಿಜೋರಿನ ಹೆಂಗಸಿದ್ದಾಳೆ. ಮಾತು ಎಷ್ಟು ಜೋರೋ ಕೈಯೂ ಅಷ್ಟೇ ಜೋರು. ಅವಳೇ ಮೊದಲು ಹೇಳಿದ್ದು: "ಮೇಸ್ತ್ರಿಯಣ್ಣ, ಈಕಿ ಇಲ್ಲೇ ಬದುವಿನ ಮೇಲೆ ಕುಂತು ಓದ್ಲಿ. ಈಕಿ ಮಡಿ ನಾವು ಎಂಟು ಜನ ಹಂಚ್ಕೊಂಡು ಎಳೀತೀವಿ. ಮುಯ್ಯಿ ಅಂತ ತಿಳ್ಕೊ."

ನಮ್ಮಲ್ಲಿ ಮುಯ್ಯಾಳು ಹಳೆಯದು. ಇವತ್ತು ನಾನು ನಿನ್ನ ಗದ್ದೆಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ. ಆದರೆ ನಾಟಿಗೆ ನಾಟಿ, ಕೊಯ್ಲಿಗೆ ಕೊಯ್ಲು. ಗೆಡ್ಡೆ ಎಳೆಯುವುದಕ್ಕೆ ಕಥೆ ಮುಯ್ಯಿ ಆಗುತ್ತದೆ ಅಂತ ನಾನು ಕೇಳಿರಲಿಲ್ಲ. ಸಂಜೆಗೆ ಮಡಿ ಪೂರ್ತಿ ಆಗಿರಬೇಕು, ಒಂದು ಕಡಿಮೆಯಾದರೂ ಪುಸ್ತಕ ಬಂದ್ ಅಂದೆ. ಸಂಜೆಗೆ ಪೂರ್ತಿ ಆಗಿತ್ತು. ಅರ್ಧ ಮಡಿ ಜಾಸ್ತಿಯೇ ಆಗಿತ್ತು.

ಹೊಲದ ಯಜಮಾನರು ಬಂದು ನೋಡಿದರು. "ಎಂತ ಮೇಸ್ತ್ರಿ, ಒಂದು ಆಳು ಪುಸ್ತಕ ಹಿಡಕಂಡು ಕೂತೇ ಇದ್ಯಲ ಮಾರಾಯ?"

"ನೀವು ಮಡಿ ನೋಡ್ರಿ, ತಲೆ ನೋಡಬೇಡ್ರಿ" ಅಂದೆ. ಅವರು ಮಡಿ ನೋಡಿ ಹೋದರು.

ನನ್ನ ಕಷ್ಟ ಬೇರೆ ಇತ್ತು. ಮೇಸ್ತ್ರಿಯಾದವನು ಒಂದು ಕಡೆ ನಿಲ್ಲುವ ಹಾಗಿಲ್ಲ. ಈ ತುದಿಗೆ ಬಂದಾಗ ಕಥೆಯ ಹುಡುಗಿ ತಗಡಿನ ತೂತಿಗೆ ಕಣ್ಣಿಟ್ಟಿರುತ್ತಾಳೆ, ಆ ತುದಿಗೆ ಹೋಗಿ ಚೀಲ ಹೊಲಿಸಿ ಬರುವಷ್ಟರಲ್ಲಿ ಪೊಲೀಸರು ಅವಳ ಹಿಂದೆ ಬಿದ್ದಿರುತ್ತಾರೆ. ನಡುವೆ ಏನಾಯಿತು? ಕೇಳಿದರೆ ಬಾಯಿಜೋರಿನವಳು, "ಮೇಸ್ತ್ರಿಗಳಿಗೆ ಯಾಕ್ರೀ ಕಥೆ? ನಿಮ್ದು ಮಡಿ ಲೆಕ್ಕ ಅಲ್ಲೇನು?" ಅಂತ ನಗುತ್ತಿದ್ದಳು. ಹಾಗಾಗಿ ಆ ವಾರ ನಾನು ಬದುವಿನ ಹತ್ತಿರದ ಚೀಲಗಳನ್ನೇ ಮತ್ತೆ ಮತ್ತೆ ಕಟ್ಟಿದೆ.

ಇಂಥ ಪುಸ್ತಕಗಳು ಕಾಲೇಜಿನ ಲೈಬ್ರರಿಯಲ್ಲಿ ಒಂದು ಸಾಲು ತುಂಬ ಇವೆಯಂತೆ. ಎಲ್ಲದರಲ್ಲೂ ಮುಂದೆ ಬರುವ ಕೆಟ್ಟ ಕಾಲ, ಎಲ್ಲದರಲ್ಲೂ ಒಂದು ಗೋಡೆಯೋ ಸೂರೋ, ಎಲ್ಲದರಲ್ಲೂ ಹೆದರದ ಒಬ್ಬ ಹುಡುಗಿ. ಯಾಕೆ ಹುಡುಗಿಯೇ, ಹುಡುಗ ಯಾಕಲ್ಲ ಅಂತ ಕೇಳಿದೆ.

"ಹುಡುಗರು ಊರು ಉಳಿಸಿದ ಕಥೆ ಬೇಕಾದಷ್ಟು ಬಂದಾವಲ್ಲಣ್ಣ" ಅಂದಳು.

"ಮತ್ತೆ ಹದಿನಾರೇ ಯಾಕೆ?"

"ಹದಿನಾರಕ್ಕೆ ಎಲ್ಲರೂ ನಮ್ಮ ಬಗ್ಗೆ ತೀರ್ಮಾನ ಮಾಡೋಕೆ ಶುರು ಮಾಡ್ತಾರೆ. ಅದಕ್ಕಿರಬೇಕು."

ನನಗೆ ಹದಿಮೂರಕ್ಕೇ ಆಯಿತು. ಚೀಟಿಯೇನೂ ಬರಲಿಲ್ಲ. ಅಪ್ಪ ಕಾಯಿಲೆ ಬಿದ್ದ, ಮಾರನೇ ದಿನ ನಾನು ಮೇಷ್ಟ್ರ ಬದಲು ಎತ್ತಿನ ಹಿಂದೆ ಹೋದೆ. ಅದಕ್ಕೆ ನಾನು ಅತ್ತವನಲ್ಲ, ಈಗಲೂ ಅಳುವುದಿಲ್ಲ. ಆದರೆ ಅದನ್ನು ತೀರ್ಮಾನ ಅಂತ ಕರೆಯಬಹುದು ಅಂತ ಅವತ್ತೇ ನನಗೆ ಹೊಳೆದದ್ದು.

ಹೆಂಗಸರು ಆ ಊರು ಬಿಟ್ಟು ಓಡುವ ಹುಡುಗಿಯನ್ನು ತಮ್ಮವಳೇ ಅನ್ನುವ ಹಾಗೆ ಮಾತಾಡುತ್ತಿದ್ದರು. "ಉಡುತಡಿ ಕಡೆಯೋರಿಗೆ ಅರಮನೆ ಬಿಟ್ಟು ಹೋದೋಳ ಕಥೆ ಹೊಸದೇನು?" ಅಂತ ಹಿರಿಯಾಕೆ ಒಮ್ಮೆ ಅಂದಳು. ನನಗೆ ಮಾತ್ರ ಒಂದು ಪ್ರಶ್ನೆ ಕೊರೆಯುತ್ತಿತ್ತು. ಆ ಊರಿನವರು ದಿನಾ ಬಿಲ್ಲೆಯಂಥದ್ದನ್ನು ತಿಂದು ಬದುಕುತ್ತಾರೆ. ಬಿಲ್ಲೆ ಯಾವುದರಿಂದ ಮಾಡಿದ್ದು? ಅದನ್ನು ಬೆಳೆಯುವವರು ಯಾರು? ಬಿಸಿಲಿಲ್ಲ, ಮಣ್ಣಿಲ್ಲ. ಕೇಳಿದೆ. ಕಾಲೇಜಿನ ಹುಡುಗಿ ಹಿಂದೆ ಮುಂದೆ ಹಾಳೆ ತಿರುಗಿಸಿದಳು. "ಪುಸ್ತಕದಾಗೆ ಹೇಳಿಲ್ಲಣ್ಣ" ಅಂದಳು. ಇಷ್ಟು ದೊಡ್ಡ ಪುಸ್ತಕ ಬರೆದವರಿಗೆ ಇದೊಂದು ಹೊಳೆಯಲಿಲ್ಲವಾ ಅಂತ ನನಗೆ ಆಶ್ಚರ್ಯ.

ಅದಾದ ಮೂರನೇ ದಿನ ಉತ್ತರ ಬಂತು. ಪುಸ್ತಕದಲ್ಲೇ ಬಂತು. ತಪ್ಪಿಸಿಕೊಂಡ ಹುಡುಗಿ ಒಂದು ಮೆಟ್ಟಿಲು ಇಳಿದು ನೆಲದ ಕೆಳಗೆ ಹೋಗುತ್ತಾಳೆ. ಅಲ್ಲಿ ದೀಪದ ಬೆಳಕಿನಲ್ಲಿ ಉದ್ದಕ್ಕೂ ಮಡಿಗಳು. ಮಡಿಗಳ ಮೇಲೆ ಬಗ್ಗಿದ ಹೆಂಗಸರು, ಅವರ ಹಿಂದೆ ಒಬ್ಬ ಮೇಸ್ತ್ರಿ. ಹೆಗಲ ಮೇಲೆ ಹಸಿರು ಟವೆಲ್. ಸಿಟ್ಟು ಬಂದಾಗ ಮೂಗಿನಿಂದ ಉಸಿರು ಬಿಡುತ್ತಾನೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸೆರಗು ಬಾಯಿಗಿಟ್ಟುಕೊಂಡರು. ನಾನು ಮೂಗಿನಿಂದ ಉಸಿರು ಬಿಟ್ಟೆ. ಆಮೇಲೆ ಹೆಗಲ ಮೇಲಿನ ಹಸಿರು ಟವೆಲ್ ತೆಗೆದು ಸೊಂಟಕ್ಕೆ ಸುತ್ತಿಕೊಂಡೆ.

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಅಳತೆಯ ವಿಷಯದಲ್ಲಿ ನನ್ನ ಕಣ್ಣು ಮೋಸ ಹೋಗುವುದಿಲ್ಲ. ಎಷ್ಟು ಕೆಲಸ ಆಗಿದೆ, ಎಷ್ಟು ಉಳಿದಿದೆ ಅಂತ ದೂರದಿಂದ ನೋಡಿ ಹೇಳುವುದೇ ನನ್ನ ಕಸುಬು. ಆ ಪುಸ್ತಕದ ಬಲಗಡೆ ಓದುವುದಕ್ಕೆ ಹಾಳೆಯೇ ಉಳಿದಿರಲಿಲ್ಲ. ನಿನ್ನೆಯೂ ಅವಳ ಹೆಬ್ಬೆರಳು ಅಲ್ಲೇ ಇತ್ತು, ಮೊನ್ನೆಯೂ ಅಲ್ಲೇ ಇತ್ತು.

ಮಧ್ಯಾಹ್ನ ಎಲ್ಲರೂ ಕೈತೊಳೆಯಲು ಹೋದಾಗ ಅವಳ ಹತ್ತಿರ ಹೋಗಿ, "ಆ ಮೇಸ್ತ್ರಿ ಇಂಗ್ಲಿಷ್ ಪುಸ್ತಕದಾಗೆ ಹೆಂಗೆ ಬಂದ?" ಅಂದೆ.

ಹುಡುಗಿ ತಲೆ ತಗ್ಗಿಸಿದಳು. "ಪುಸ್ತಕ ಮುಗಿದು ನಾಲ್ಕು ದಿನ ಆತಣ್ಣ. ಹುಡುಗಿ ತಪ್ಪಿಸ್ಕೊಳ್ಳೋದಕ್ಕೆ ಮುಗೀತದೆ. ಎರಡನೇ ಭಾಗ ನಮ್ಮ ಲೈಬ್ರರಿಯಾಗಿಲ್ಲ. ಅಕ್ಕಾರು ಬಿಡ್ಲಿಲ್ಲ, ಮುಂದೆ, ಮುಂದೆ ಅಂದ್ರು. ಪುಸ್ತಕ ಮುಗೀತು ಅಂದ್ರೆ ನಂದೂ ಮುಗೀತಲ್ಲ."

"ಅಂದ್ರೆ ನೀನೇ ಕಟ್ಟಿ ಹೇಳ್ತಿದ್ದೀಯಾ?"

"ಹೂಂ. ನೀವು ಬೆಳೆಯೋರು ಯಾರು ಅಂತ ಕೇಳಿದ್ರಲ್ಲ, ಅದನ್ನೇ ಹಿಡ್ಕೊಂಡು ಮುಂದಕ್ಕೆ ಕಟ್ಟಿದೆ. ಹೇಳಬೇಡ್ರಿ ಅಣ್ಣ."

ಅವಳ ಕಥೆ ನನಗೆ ಹಿಡಿಸಿತ್ತು, ಸುಳ್ಳು ಹೇಳುವುದಿಲ್ಲ. ಟವೆಲ್ಲಿನ ವಿಷಯ ಬಿಟ್ಟು. ಆದರೆ ಎಂಟು ಹೆಂಗಸರು ಪುಸ್ತಕದಲ್ಲಿ ಇದೆ ಅಂತ ನಂಬಿ ಅವಳ ಮಡಿ ಎಳೆಯುತ್ತಿದ್ದರು. ನನ್ನ ಗುಂಪಿನಲ್ಲಿ ಹಾಗೆ ನಡೆಯುವ ಹಾಗಿಲ್ಲ. "ನಾನು ಹೇಳಲ್ಲ. ನಾಳೆ ಬೆಳಿಗ್ಗೆ ಕೆಲಸಕ್ಕೆ ಬಗ್ಗೋ ಮೊದ್ಲು ನೀನೇ ಹೇಳು" ಅಂದೆ.

ಮಾರನೇ ದಿನ ಹೇಳಿದಳು. ಬುಟ್ಟಿಗಳನ್ನು ಇಳಿಸಿ ನಿಂತಿದ್ದರು ಎಲ್ಲರೂ. ಹಿರಿಯಾಕೆ ಸ್ವಂತ ಸೋದರತ್ತೆ, ಅವಳು ಈ ಕಡೆಯೂ ಮಾತಾಡುವ ಹಾಗಿಲ್ಲ, ಆ ಕಡೆಯೂ ಮಾತಾಡುವ ಹಾಗಿಲ್ಲ. ಗುಡ್ಡದ ಕಡೆ ಮುಖ ಮಾಡಿಕೊಂಡಳು. ಬಾಯಿಜೋರಿನವಳು ಎರಡು ಹೆಜ್ಜೆ ಮುಂದೆ ಬಂದಳು.

"ನಾಲ್ಕು ದಿನ? ನಾಲ್ಕು ದಿನ ನನ್ನ ಸೊಂಟ ಮುರ್ಕೊಂಡು ನಿನ್ನ ಮಡಿ ಎಳೆದೀನಲ್ಲೇ! ನಿನ್ನೆ ಕಥ್ಯಾಗೆ ಪೊಲೀಸರು ಆ ಮುದುಕಿಗೆ ಹೊಡೆದಾಗ ಕಣ್ಣಾಗೆ ನೀರು ಬಂದಿತ್ತು ನಂಗೆ. ಅದೂ ನಿಂದೇನಾ?"

"ಹೂಂ ಅಕ್ಕ, ನಂದೇ."

"ಮುಖ ನೋಡು! ಹೂಂ ಅಂತೆ!" ಅಂದವಳು ಒಂದು ಖಾಲಿ ಬುಟ್ಟಿಯನ್ನು ಕಾಲಿನಿಂದ ಅವಳ ಕಡೆ ತಳ್ಳಿದಳು. ಆಮೇಲೆ, "ಪುಸ್ತಕ ಹಿಡಿಯೋಕೆ ಎರಡು ಕೈ ಬೇಕು ಅಂತ ನಿನ್ನ ಬದುವಿನ ಮೇಲೆ ಕುಂಡ್ರಿಸಿದ್ವಿ. ಪುಸ್ತಕ ಇಲ್ಲ ಅಂದ್ಮೇಲೆ ಕೈ ಖಾಲಿ ಅದಾವಲ್ಲ. ಇಳಿ ಮಡಿಗೆ. ಕಥೆ ಹೇಳ್ತಿಯೋ ಬಿಡ್ತಿಯೋ ಅದು ನಿನ್ನ ಬಾಯಿ. ಮಡಿ ನಿಂದು ನಿಂದೇ. ಸಂಜೆಗೆ ಮುಗೀದಿದ್ರೆ ಮೇಸ್ತ್ರಿ ಉಂಟು ನೀನುಂಟು" ಅಂದಳು.

ಎಲ್ಲರೂ ನನ್ನ ಕಡೆ ನೋಡಿದರು. ನ್ಯಾಯವಾದ ಮಾತು. ತಲೆಯಾಡಿಸಿದೆ.

ಹುಡುಗಿ ಮಡಿಗೆ ಇಳಿದಳು. ಬೊಬ್ಬೆ ಒಣಗಿದ್ದವು, ಕೈ ಮಾತ್ರ ಮೊದಲಿನ ಹಾಗೇ ನಿಧಾನ. ಗೆಡ್ಡೆ ಎತ್ತುತ್ತಾ ಕಥೆ ಶುರು ಮಾಡಿದಳು. ನೆಲದ ಕೆಳಗಿನ ಹೆಂಗಸರು ಕಥೆಯ ಹುಡುಗಿಯನ್ನು ತಮ್ಮ ಸಾಲಿನಲ್ಲಿ ಬಗ್ಗಿಸಿ ಪೊಲೀಸರಿಂದ ಅಡಗಿಸಿಕೊಳ್ಳುತ್ತಾರೆ. ಅವರಂಥದೇ ಸೀರೆ, ಅವರಂಥದೇ ಮಣ್ಣು ಕೈ, ಯಾರು ಯಾರು ಅಂತ ಗೊತ್ತಾಗುವುದಿಲ್ಲ. ಮೇಸ್ತ್ರಿಗೆ ಮಾತ್ರ ಗೊತ್ತು, ಸಾಲಿನಲ್ಲಿ ಒಂದು ತಲೆ ಜಾಸ್ತಿ ಇದೆ. ಇಲ್ಲಿಗೆ ಬರುವಷ್ಟರಲ್ಲಿ ಉಳಿದವರು ಅವಳನ್ನು ಬಿಟ್ಟು ಎಷ್ಟೋ ಮುಂದೆ ಹೋಗಿದ್ದರು. ದನಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

"ಏ, ಕೇಳ್ತಿಲ್ಲ! ಮೇಸ್ತ್ರಿ ಏನು ಮಾಡ್ದ?" ಅಂತ ಮುಂದಿನಿಂದ ಯಾರೋ ಕೂಗಿದರು.

ಹುಡುಗಿ ಕೂಗಿ ಹೇಳಲು ನೋಡಿದಳು. ಉಸಿರು ಸಾಲಲಿಲ್ಲ. ಮುಂದಿನವರ ಕೈ ನಿಂತೇ ಹೋಯಿತು. ನನಗೆ ಮೊದಲ ಸಲ ಗಾಬರಿಯಾಯಿತು. ಕಥೆಗೆ ಕಾದರೆ ಮಡಿ ಮುಗಿಯುವುದಿಲ್ಲ. ಕೂಗಾಡಿ ಕೆಲಸಕ್ಕೆ ಹಚ್ಚಿದರೆ ಸಂಜೆ ಅವಳೊಬ್ಬಳದ್ದೇ ಮಡಿ ಹಿಂದೆ ಉಳಿಯುತ್ತದೆ, ಎಲ್ಲರ ಎದುರು ಅವಳನ್ನು ನಾನೇ ಕಳಿಸಬೇಕಾಗುತ್ತದೆ.

ಬಾಯಿಜೋರಿನವಳು ಅಷ್ಟರಲ್ಲಿ ತನ್ನ ಮಡಿ ಮುಗಿಸಿ ತುದಿಯಲ್ಲಿ ಸೊಂಟ ನೀವಿಕೊಳ್ಳುತ್ತಾ ನಿಂತಿದ್ದಳು. ಹುಡುಗಿಯ ಮಡಿಯನ್ನು ಒಮ್ಮೆ ನೋಡಿದಳು. ಏನೋ ಬೈದುಕೊಂಡು ಬುಟ್ಟಿ ಎತ್ತಿ, ಆ ಮಡಿಯ ಆಚೆ ತುದಿಗೆ ಹೋಗಿ ಬಗ್ಗಿದಳು. ಅಲ್ಲಿಂದ ಹುಡುಗಿಯ ಕಡೆಗೆ ಎಳೆಯುತ್ತಾ ಬಂದಳು. ಹಿಂದೆ ಬಿದ್ದವರಿಗೆ ಹೀಗೆ ಎದುರು ಹಿಡಿಯುವುದು ನಮ್ಮಲ್ಲಿ ಉಂಟು. ಆದರೆ ಕೈಸೋತವರಿಗೆ, ಮೈ ಹುಷಾರಿಲ್ಲದವರಿಗೆ. ಬೈಸಿಕೊಂಡವರಿಗೆ ಹಿಡಿದದ್ದು ನಾನು ನೋಡಿದ್ದು ಅದೇ ಮೊದಲು. ಅವಳನ್ನು ನೋಡಿ, ತಮ್ಮ ಮಡಿ ಮುಗಿಸಿದವರು ಒಬ್ಬೊಬ್ಬರೇ ಆ ಕಡೆ ಬಂದರು.

ಹುಡುಗಿಯೂ ಬಾಯಿಜೋರಿನವಳೂ ಮಡಿಯ ನಡುವೆ ಸೇರಿದಾಗ ಮಧ್ಯೆ ಒಂದೇ ಒಂದು ಗೆಡ್ಡೆ ಉಳಿದಿತ್ತು. ಬಾಯಿಜೋರಿನವಳು ಅದನ್ನು ಎತ್ತಿ ಮಣ್ಣು ಕೊಡವಿದಳು.

"ಈಗ ಹೇಳು. ಮೇಸ್ತ್ರಿ ಆ ಹುಡುಗೀನ ಪೊಲೀಸರಿಗೆ ಹಿಡ್ಕೊಟ್ನಾ, ಇಲ್ಲ?"

"ಗೊತ್ತಿಲ್ಲ ಅಕ್ಕ. ಇನ್ನೂ ಹೊಳೆದಿಲ್ಲ. ನಾಳೆ ಹೇಳ್ತೀನಿ."

"ನಾಳೆ ಬರ್ತೀನಿ ಅಂತ ನೀನೇ ತೀರ್ಮಾನ ಮಾಡ್ಬಿಟ್ಯಾ?"

ಹುಡುಗಿ ನನ್ನ ಮುಖ ನೋಡಿದಳು. ಆ ಹೊತ್ತಿಗೆ ಸರಿಯಾಗಿ ಯಜಮಾನರು ಬೈಕು ನಿಲ್ಲಿಸಿ ಬದುವಿನ ಮೇಲಿಂದ ಕೂಗಿದರು. "ಮೇಸ್ತ್ರೀ, ನಾಳೆಗೆ ಚಾ ಎಷ್ಟು ಜನಕ್ಕೆ ಹೇಳ್ಲಿ?"

"ಇವತ್ತಿನಷ್ಟೇ ರೀ" ಅಂದೆ.