ಮುಳ್ಳು ಓದುವ ಕೆಲಸ

ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀಲಮ್ಮ ಸಿಸ್ಟರ್ ಮೊದಲು ತಾವೇ ತೂಕದ ಮಿಷನ್ ಹತ್ತುತ್ತಿದ್ದರು. ಗುರುವಾರ ಚುಚ್ಚುಮದ್ದಿನ ದಿನ. ಅಂಗನವಾಡಿಯ ಮುಂದೆ ಬಸುರಿಯರು, ಕೂಸು ಎತ್ತಿಕೊಂಡವರು ಸಾಲಾಗಿ ಕೂತಿರುತ್ತಿದ್ದರು. ಮಿಷನ್ನಿನ ಮೇಲೆ ನೆಟ್ಟಗೆ ನಿಂತು ಎದುರಿನ ಗೋಡೆ ನೋಡುತ್ತ ಸಿಸ್ಟರ್ ಹೇಳುತ್ತಿದ್ದರು: "ಯಾರಾರ ಮುಳ್ಳು ಓದ್ರವಾ. ನನಗ ಹೊಟ್ಟಿ ಅಡ್ಡ ಬರ್ತೈತಿ." ಯಾರೋ ಬಗ್ಗಿ ತೊಂಬತ್ತೆಂಟು ಎಂದು ಓದಿದರೆ, "ಕೇಳಿದ್ರಲ್ಲ, ಇದಕ್ಕಿಂತ ಹೆಚ್ಚು ಯಾರದೂ ಇರಂಗಿಲ್ಲ. ಇನ್ನ ನಾಚಿಗಿ ಬಿಟ್ಟು ಬರ್ರಿ" ಎಂದು ಇಳಿಯುತ್ತಿದ್ದರು. ಆಮೇಲೆಯೇ ಉಳಿದವರ ಸರದಿ.

ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ಕಡೆ ನಮ್ಮೂರು. ಅಲ್ಲಿಗೂ ಸುತ್ತಲಿನ ಮೂರು ಹಳ್ಳಿಗಳಿಗೂ ಅವರೊಬ್ಬರೇ ನರ್ಸ್. ಸ್ಕೂಟಿ ಮೇಲೆ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತ ಗಂಡಸರಲ್ಲಿ ಒಬ್ಬ ದಿನವೂ, "ಸಿಸ್ಟರ್, ಹಿಂದಿನ ಗಾಲಿ ಕುಂತೈತಿ ನೋಡ್ರಿ" ಎಂದು ಕೂಗಿ ಉಳಿದವರನ್ನು ನಗಿಸುತ್ತಿದ್ದ. ಒಂದು ದಿನ ಸಿಸ್ಟರ್ ಗಾಡಿ ನಿಲ್ಲಿಸಿ, ಡಿಕ್ಕಿಯಿಂದ ಪಂಪು ತೆಗೆದು ಅವನ ಕೈಗೆ ಕೊಟ್ಟರು. "ನಿನಗ ಭಾಳ ಕಾಳಜಿ ಐತಿ ತಮ್ಮಾ. ನೀನೇ ಹೊಡಿ." ಅವನು ಹೊಡೆದ. ಇವರು ಬಿಸಿಲಲ್ಲಿ ಪಕ್ಕದಲ್ಲೇ ನಿಂತು, ಇನ್ನೂ ಹೊಡಿ, ಇನ್ನೂ ಹೊಡಿ ಎಂದು ಬೆವರಿಳಿಸಿದರು. ಆ ಕಟ್ಟೆಗೆ ಮತ್ತೆ ಯಾರ ಗಾಲಿಯ ಚಿಂತೆಯೂ ಕಾಡಲಿಲ್ಲ.

ಎಲ್ಲ ಸಲ ಅವರೇ ಗೆಲ್ಲುತ್ತಿದ್ದರು ಎಂದು ತಿಳಿಯಬೇಡಿ. ಕೂಡ್ಲಿಗಿಯ ಸಭೆಯೊಂದರಲ್ಲಿ ಸಾಹೇಬರೊಬ್ಬರು ಎಲ್ಲರೆದುರು, ನೀವೇ ಹೀಗಿದ್ದರೆ ಜನರಿಗೆ ಆರೋಗ್ಯ ಏನು ಹೇಳುತ್ತೀರಿ ಎಂದು ಕೇಳಿದರಂತೆ. "ತೂಕ ಹೇಳಾಕ ತಕ್ಕಡಿ ತೆಳ್ಳಗಿರಬೇಕಂತೇನಿಲ್ರಿ ಸಾರ್" ಎಂದು ಇವರು ಉತ್ತರ ಕೊಟ್ಟಿದ್ದೂ ನಿಜ, ಸಭೆ ನಕ್ಕಿದ್ದೂ ನಿಜ. ಆದರೆ ಮುಂದಿನದನ್ನು ಅವರೇ ನನಗೆ ಹೇಳಿದ್ದು: "ಹೊರಗ ಬಂದು ಬಸ್ ಸ್ಟ್ಯಾಂಡಿನಾಗ ಎರಡು ಪ್ಲೇಟ್ ಮಂಡಕ್ಕಿ, ಎಂಟು ಮಿರ್ಚಿ ತಿಂದೆ. ಸಿಟ್ಟು ಸಾಹೇಬರ ಮ್ಯಾಲೆ, ಎಣ್ಣಿ ನನ್ನ ಮೈಗೆ."

ನನಗೆ ಅವರು ಸಿಕ್ಕಿದ್ದು ಏಳನೇ ತರಗತಿಯಲ್ಲಿ. ಶಾಲೆಯಲ್ಲಿ ನನ್ನ ಹೆಸರು ಸವಿತಾ ಎನ್ನುವುದು ಹಾಜರಿಗೆ ಮಾತ್ರ. ಉಳಿದ ಹೊತ್ತು ನಾನು ಡುಮ್ಮಿ. ಮನೆಯಲ್ಲಿ ಅದರ ತಿರುಗು ಮುರುಗು. ಹಸಿವು ಕಂಡು ಬೆಳೆದ ನಮ್ಮವ್ವನಿಗೆ ನನ್ನ ಮೈ ಹೆಮ್ಮೆಯ ಸಂಗತಿ. "ನನ್ನ ಮಗಳು ಉಂಡು ಬೆಳದೈತಿ ಅಂತ ನೋಡಿದ್ರನ ಗೊತ್ತಾಗಬೇಕು" ಎನ್ನುತ್ತ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಬೇಡವೆಂದರೆ ಅವಳಿಗೆ ನೋವು, ತಿಂದರೆ ನಾಳೆ ಶಾಲೆಯಲ್ಲಿ ನನಗೆ ನೋವು. ಶಾಲೆಯಲ್ಲಿ ತೂಕ ನೋಡುವ ದಿನ ನಾನು ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತೆ.

ಸಿಸ್ಟರ್ ಹುಡುಕಿಕೊಂಡು ಬಂದರು. ಬೈಯಲಿಲ್ಲ. "ಲೇ ಸವಿತಾ, ನನ್ನ ಮುಳ್ಳು ಓದೋ ಕೆಲಸ ನಿನಗ ಕೊಡ್ತೀನಿ, ವಾರ ವಾರ. ನಿಂದು ನಾ ಬಾಯಿ ಬಿಟ್ಟು ಓದಂಗಿಲ್ಲ, ಸುಮ್ನ ಬರ್ಕೊಂತೀನಿ. ನೀ ಓದು ಅಂದ ದಿನ ಓದ್ತೀನಿ." ಹಾಗೆ ಪ್ರತಿ ಗುರುವಾರ ಮಧ್ಯಾಹ್ನದ ಬಿಡುವಿನಲ್ಲಿ ಪಕ್ಕದ ಅಂಗನವಾಡಿಗೆ ಓಡುವುದು ನನ್ನ ಕೆಲಸವಾಯಿತು. ಅವರದನ್ನು ನಾನು ಜೋರಾಗಿ ಓದುತ್ತಿದ್ದೆ. ನನ್ನದನ್ನು ಅವರು ಕೊಟ್ಟ ಮಾತಿನಂತೆ ಒಮ್ಮೆಯೂ ಓದಲಿಲ್ಲ.

ಮುಂದಿನ ವರ್ಷ ಅವರ ಮೊಣಕಾಲುಗಳು ಪೂರ್ತಿ ಕೈಕೊಟ್ಟವು. ದಾವಣಗೆರೆಯ ಮೂಳೆ ಡಾಕ್ಟರು ಆಪರೇಷನ್ ಮಾಡಲೇಬೇಕು, ಆದರೆ ಹನ್ನೆರಡು ಕೆಜಿ ಇಳಿಸಿಕೊಂಡು ಬನ್ನಿ ಎಂದರಂತೆ. ಮನೆ ಮನೆ ತಿರುಗುವ ಕೆಲಸದವರು ಅವರು. "ಕಾಲಿಲ್ಲಂದ್ರ ನನ್ನ ನೌಕರಿನೂ ಇಲ್ಲ. ಎಂಬತ್ತಾರಕ್ಕ ತರ್ತೀನಿ, ನೋಡ್ಕೊಂತಿರು" ಎಂದರು ನನಗೆ. ಅಂದಿನಿಂದ ಚಹಾ ಬಂದ್. ಮನೆಗೊಂದು ಲೋಟದಂತೆ ದಿನಕ್ಕೆ ಹದಿನಾಲ್ಕು ಸಕ್ಕರೆ ಚಹಾ ಕುಡಿಯುತ್ತಿದ್ದವರು ಒಂದೇ ಏಟಿಗೆ ಬಿಟ್ಟರು. ಅಲ್ಲೇ ಎಡವಟ್ಟಾಯಿತು.

ಮೇಲಿನ ಓಣಿಯಲ್ಲಿ ಚಹಾ ಬೇಡವೆಂದರೆ ಪಥ್ಯ. ಊರ ಹೊರಗಿನ ನಮ್ಮ ಕೇರಿಯಲ್ಲಿ ಅದಕ್ಕೆ ಬೇರೆ ಅರ್ಥ. ನಮ್ಮ ಮನೆಯ ನೀರನ್ನು ಮುಟ್ಟದ ಜನರನ್ನು ನಮ್ಮವ್ವ ಬೇಕಾದಷ್ಟು ಕಂಡಿದ್ದಳು. ಸಿಸ್ಟರ್ ಲಿಂಗಾಯತರಾದರೂ ಬಂದ ಮೊದಲ ವಾರದಿಂದಲೇ ನಮ್ಮಲ್ಲಿ ಕೂತು ಚಹಾ ಕುಡಿದವರು. ಈಗ ಲೋಟ ಮುಂದೆ ಹಿಡಿದರೆ, "ಬ್ಯಾಡವ್ವ, ಡಾಕ್ಟ್ರು ಬ್ಯಾಡಂದಾರ" ಎಂದು ಅವಸರದಲ್ಲಿ ಮುಂದಿನ ಮನೆಗೆ ನಡೆದರು. ಅವ್ವ ಲೋಟ ಒಳಗಿಟ್ಟಳು. ಸಂಜೆಯ ಹೊತ್ತಿಗೆ ಕೇರಿಯಲ್ಲಿ ಮಾತು ಹಬ್ಬಿತ್ತು: ಇಷ್ಟು ವರ್ಷ ಕುಡಿದಾಕಿಗೆ ಯಾರೋ ಏನೋ ಹೇಳ್ಯಾರ. ಮುಂದಿನ ಗುರುವಾರ ನಮ್ಮ ಕೇರಿಯಿಂದ ಒಂದು ಕೂಸೂ ಚುಚ್ಚುಮದ್ದಿಗೆ ಬರಲಿಲ್ಲ.

ಯಾಕೆಂದು ಸಿಸ್ಟರ್ ನನ್ನನ್ನು ಕೇಳಿದರು. ನಾನು ನೆಲ ನೋಡುತ್ತ ಹೇಳಿದೆ. ಅವರು ಕೂಡಲೇ ಎದ್ದರು. ಔಷಧಿ ಡಬ್ಬಿ ಹೆಗಲಿಗೆ ಹಾಕಿಕೊಂಡು, ಆ ಕಾಲಲ್ಲೇ ನನ್ನ ಜೊತೆ ಕುಂಟುತ್ತ ಕೇರಿಗೆ ಬಂದರು. ನಮ್ಮ ಮನೆಯೊಳಗೆ ಬಂದು ಮಂಚದ ಮೇಲೆ ಕೂತು, "ದುರುಗವ್ವ, ಒಂದು ತಂಬಿಗಿ ನೀರು ಕೊಡು" ಎಂದರು. ಪೂರ್ತಿ ಕುಡಿದರು. "ರೊಟ್ಟಿ ಐತೇನು?"

ಅವ್ವ ಬಾಗಿಲಲ್ಲೇ ನಿಂತಿದ್ದಳು. "ನಿಮಗ ಪಥ್ಯ ಐತಂತಲ್ರಿ."

"ಐತಿ. ಸಕ್ಕರಿ ಬಿಟ್ಟೀನಿ, ನಿಮ್ಮನ್ನ ಬಿಟ್ಟಿಲ್ಲ. ಅವತ್ತ ಕುಂತು ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾತು ನಂದು. ಅರ್ಧ ರೊಟ್ಟಿ ಹಾಕು, ಪುಂಡಿಪಲ್ಯ ಎಷ್ಟಾರ ಹಾಕು."

ಅವ್ವ ಒಂದು ರೊಟ್ಟಿ ಇಟ್ಟಳು. ಸಿಸ್ಟರ್ ಮುರಿದು ಅರ್ಧ ನನಗೆ ಕೊಟ್ಟರು. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ತಿಂದೆವು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದ ಮನೆಯವರಿಗೆ ಕೂಸು ತರಲು ಕೂಗಿದಳು. ಅಂದಿನಿಂದ ಸಿಸ್ಟರ್ ಗುರುವಾರ ಊಟದ ಡಬ್ಬಿ ತರುವುದನ್ನೇ ಬಿಟ್ಟರು. ನಮ್ಮ ಕೇರಿಯಲ್ಲಿ ವಾರಕ್ಕೊಂದು ಮನೆಯಲ್ಲಿ ಅರ್ಧ ರೊಟ್ಟಿ, ಅದೇ ಅವರ ಮಧ್ಯಾಹ್ನದ ಊಟ. ಇನ್ನರ್ಧ ನನ್ನದು. ಬಡಿಸುವವರ ಮನಸ್ಸಿಗೆ ನೋವಾಗದಂತೆ ಸಾಕು ಎನ್ನುವುದು ಹೇಗೆಂದು ನಾನು ಕಲಿತದ್ದು ಆ ತಟ್ಟೆಯಲ್ಲಿ. ಅವ್ವನೂ ನಿಧಾನಕ್ಕೆ ಅದನ್ನು ನೋಯದೆ ಕೇಳಿಸಿಕೊಳ್ಳಲು ಕಲಿತಳು.

ಮುಳ್ಳು ಸುಲಭಕ್ಕೆ ಬಗ್ಗಲಿಲ್ಲ. ತೊಂಬತ್ತೇಳು ಆಗಿ ಮತ್ತೆ ತೊಂಬತ್ತೆಂಟೂವರೆ. ಮದುವೆ ಸೀಜನ್ ಮುಗಿದರೆ ಒಂದು ಕೆಜಿ ಜಾಸ್ತಿ. ನಾನು ಕಡಿಮೆ ಮಾಡಿ ಓದಿದ್ದೂ ಉಂಟು. "ಸುಳ್ಳು ಓದಬ್ಯಾಡ. ಡಾಕ್ಟ್ರ ಮಿಷನ್ ನಿನ್ನ ಮಾತು ಕೇಳಂಗಿಲ್ಲ" ಎಂದು ತಲೆಗೆ ಮೊಟಕಿದರು. ಎರಡು ವರ್ಷ ಹಿಡಿಯಿತು. ಒಂದು ಗುರುವಾರ ನಾನು ಬಗ್ಗುವ ಮೊದಲೇ, "ತಡಿ. ಮುಳ್ಳಿನ ತುದಿ ಕಾಣ್ತೈತಿ" ಎಂದರು. ಕತ್ತು ಚಾಚಿ, ಉಸಿರು ಬಿಗಿಹಿಡಿದು, ತಾವೇ ಓದಿದರು. ಎಂಬತ್ತಾರು. ನನ್ನ ಕೆಲಸ ಹೋಯಿತೆಂದು ನನಗೆ ಸ್ವಲ್ಪ ಬೇಜಾರೂ ಆಯಿತು. ಆಪರೇಷನ್ ಆಗಿ, ಕೈಯಲ್ಲಿ ಕೋಲಿಲ್ಲದೆ ಬಂದು, ಮತ್ತೆ ಐದು ವರ್ಷ ಅವರು ನಮ್ಮ ಹಳ್ಳಿಗಳನ್ನು ತಿರುಗಿದರು.

ನಾನೀಗ ಹಗರಿಬೊಮ್ಮನಹಳ್ಳಿಯಲ್ಲಿ ಟೀಚರ್. ನನ್ನ ಮೈ ನನ್ನ ಜೊತೆಗೇ ಇದೆ. ಇಳಿಸಿದ್ದೇನೆ, ಏರಿಸಿಕೊಂಡಿದ್ದೇನೆ. ಹೋದ ವರ್ಷ ನೋಡಲು ಬಂದ ವರನ ಕಡೆಯವರು ಉಪ್ಪಿಟ್ಟು ಪೂರ್ತಿ ತಿಂದು, ಹುಡುಗಿ ಸ್ವಲ್ಪ ಇಳಿಸಲಿ, ಆಮೇಲೆ ನೋಡೋಣ ಎಂದು ಹೋದರು. ಆ ಭಾನುವಾರವೇ ನಾನು ಹರಪನಹಳ್ಳಿಗೆ ಬಸ್ ಹತ್ತಿದೆ. ನಿವೃತ್ತಿಯಾದ ಮೇಲೆ ಸಿಸ್ಟರ್ ಅಲ್ಲಿ ತಂಗಿಯ ಮನೆಯಲ್ಲಿದ್ದರು. ಅದು ಕೊನೆಯ ಭೇಟಿ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅವರ ಹೃದಯ ನಿಂತಿತು.

ಅವತ್ತು ಸಿಸ್ಟರ್ ಬಾಗಿಲು ತೆರೆದು ನನ್ನ ಮುಖ ನೋಡಿದರು. ಮೂಲೆಯಿಂದ ಹಳೆಯ ಮಾದರಿಯದೇ ಒಂದು ಮಿಷನ್ ಕಾಲಲ್ಲಿ ಎಳೆದು ಹತ್ತಿದರು. "ನಾಕು ಕೆಜಿ ಮತ್ತ ಏರೇತಿ. ಮುಳ್ಳು ಕಾಣವಲ್ದು. ಬಾ, ಓದು."

"ತೊಂಬತ್ತು."

"ಇಳಸ್ತೀನಿ. ಒಮ್ಮಿ ಇಳಿಸಿದಾಕಿಗೆ ದಾರಿ ಗೊತ್ತಿರ್ತೈತಿ."

ಅವರು ಇಳಿದರು. ನಾನು ಚಪ್ಪಲಿ ಬಿಟ್ಟು ಹತ್ತಿದೆ. ಸಿಸ್ಟರ್ ಅಭ್ಯಾಸದಂತೆ ಕನ್ನಡಕ ಹಾಕಿ, ಬಗ್ಗಿ ನೋಡಿ, ಬಾಯಿ ಮುಚ್ಚಿಕೊಂಡು ಎದ್ದರು.

"ಓದ್ರಿ ಸಿಸ್ಟರ್" ಎಂದೆ. "ಜೋರಾಗಿ."

ಅವರು ಮೊಣಕಾಲ ಮೇಲೆ ಕೈಯೂರಿ ಮತ್ತೆ ಬಗ್ಗಿ, ಅಡುಗೆಮನೆಯಲ್ಲಿದ್ದ ತಂಗಿಗೂ ಕೇಳುವಂತೆ ಓದಿದರು: "ಎಂಬತ್ನಾಕು." ನನ್ನ ಕೈ ಹಿಡಿದು ಕೆಳಗಿಳಿಸಿ, "ಬಾ, ಉಣ್ಣೋಣು. ಅರ್ಧ ನಿಂದು" ಎಂದರು.