ಚಹಾ ಕುಡಿಯದ ಸಣ್ಣ ಪಾದ್ರಿ

ಅವರ ಮೂಗು ವರ್ಷವಿಡೀ ಸುಲಿಯುತ್ತಿತ್ತು. ದಾಂಡೇಲಿಯ ಬಿಸಿಲಿಗೆ ಮೊದಲು ಕೆಂಪಾಗಿ, ಆಮೇಲೆ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಎದ್ದು, ಒಂದು ಉದುರುವಷ್ಟರಲ್ಲಿ ಇನ್ನೊಂದು ತಯಾರಾಗಿರುತ್ತಿತ್ತು. ಬಿಳಿ ಅಂಗಿ, ಕರಿ ಟೈ. ಸೈಕಲ್ ಹತ್ತುವಾಗ ಟೈ ಹಾರಬಾರದೆಂದು ಅದರ ತುದಿಯನ್ನು ಅಂಗಿಯ ಗುಂಡಿಗಳ ನಡುವೆ ತುರುಕಿಕೊಳ್ಳುತ್ತಿದ್ದರು. ಇಳಿದ ಮೇಲೆ ತೆಗೆಯುವುದನ್ನು ಮರೆಯುತ್ತಿದ್ದರು. ಹಾಗೆಯೇ ನಿಂತು ದೇವರ ಮಾತು ಹೇಳುವಾಗ ನನ್ನ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಅಮೆರಿಕದ ಒಂದು ಸಭೆಯವರು ಅವರು. ಆಗಷ್ಟೇ ಗಡ್ಡ ಮೂಡಿದ ಹುಡುಗರನ್ನು ಸಂಬಳವಿಲ್ಲದೆ ಎರಡು ವರ್ಷ ದೂರದೇಶಕ್ಕೆ ಕಳಿಸುವುದು ಆ ಸಭೆಯ ರೂಢಿ. ಅದರಲ್ಲಿ ಪಾದ್ರಿಗಳೆಂಬ ಬೇರೆ ಜನವೇ ಇಲ್ಲವಂತೆ. ಇದನ್ನು ಅವರು ನಮಗೆ ಎಷ್ಟೋ ಸಲ ಬಿಡಿಸಿ ಹೇಳಿದರು. “ನಾ ಪಾದ್ರಿ ಅಲ್ರಿ” ಎಂದರೆ ನನ್ನ ಅಪ್ಪ, “ಆತ್ರಿ ಪಾದ್ರಿಗಳ” ಎನ್ನುತ್ತಿದ್ದ. ಊರಿಗೆಲ್ಲ ಅವರು ಸಣ್ಣ ಪಾದ್ರಿಯೇ ಆದರು. ಈಗ ನನಗೆ ಅವರ ಅಂದಿನ ವಯಸ್ಸಿನ ಮೊಮ್ಮಗನಿದ್ದಾನೆ. ಆದರೂ ‘ಅವನು’ ಎನ್ನಲು ನಾಲಿಗೆ ಏಳುವುದಿಲ್ಲ.

ಅರವತ್ತರ ದಶಕದ ಮಾತು. ಅಪ್ಪ ಕಾರ್ಖಾನೆಯ ಕಾಲೋನಿಯಲ್ಲಿ ಬಡಗಿ ಕೆಲಸ ಮಾಡುತ್ತಿದ್ದ. ಅಲ್ಲಿದ್ದ ಒಬ್ಬ ಅಮೆರಿಕದ ಇಂಜಿನಿಯರ್ ಭಾನುವಾರ ತಮ್ಮ ಮನೆಯ ಪಡಸಾಲೆಯಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು. ಅವರಿಗೆ ಬೆಂಚು ಮಾಡಿಕೊಡಲು ಹೋದ ಅಪ್ಪ ಅದೇ ಬೆಂಚಿನ ಮೇಲೆ ಕೂತುಬಿಟ್ಟ. ಹೀಗೆ ನಾವು, ಮತ್ತು ನಮ್ಮಂಥ ಕೆಲವು ಸಿದ್ದಿ ಮನೆಗಳು, ಆ ಸಭೆಗೆ ಸೇರಿದೆವು. ಸಣ್ಣ ಪಾದ್ರಿ ಬಂದು ವರ್ಷ ತುಂಬುವ ಮೊದಲೇ ಇಂಜಿನಿಯರ್ ಕಾಯಿಲೆ ಬಿದ್ದು ಊರಿಗೆ ಮರಳಿದರು. ಬೇರೆ ಹಿರಿಯರು ಬರುವ ತನಕ ಸಭೆಯನ್ನು ನೀನೇ ನಡೆಸು ಎಂದು ಈ ಹುಡುಗನಿಗೆ ಅಪ್ಪಣೆಯಾಯಿತು.

ಪಾಪ, ಅವರ ಪಾಡು ನೋಡಬೇಕಿತ್ತು. ಅವರ ಅಪ್ಪನ ವಯಸ್ಸಿನವರು ಬೇಲಿಯ ಜಗಳ, ಗಂಡ ಹೆಂಡಿರ ಜಗಳ ಹೊತ್ತು ಬಾಗಿಲಿಗೆ ಬರುತ್ತಿದ್ದರು. ಕುಂಬಾರವಾಡದ ಕಡೆ ಯಾರಿಗೋ ಜ್ವರವೆಂದರೆ ಇದ್ದೊಂದು ಬಸ್ಸು ಹಿಡಿದು ಓಡುತ್ತಿದ್ದರು. ಯಾರು ಏನು ಕೇಳಿದರೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, “ಒಂದ್ ಪ್ರಾರ್ಥನಾ ಮಾಡೂಣು, ಆಮ್ಯಾಲೆ ಹೇಳ್ತೇನಿ” ಎನ್ನುವುದು ಅವರ ಪದ್ಧತಿ. ಕಣ್ಣು ಮುಚ್ಚಿದರೆ ಬೇಗ ತೆರೆಯುತ್ತಿರಲಿಲ್ಲ. ಅದು ದೇವರನ್ನು ಕೇಳುವುದಲ್ಲ, ತಪ್ಪಿಸಿಕೊಳ್ಳುವ ದಾರಿ ಹುಡುಕುವುದು ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಕನ್ನಡ ಕಲಿಸಿದವರು ಧಾರವಾಡದ ಒಬ್ಬ ಗುಮಾಸ್ತರು. ಅವರು ಮೊದಲ ಪಾಠದಲ್ಲೇ “ಊಟ ಆತೇನ್ರಿ” ಹೇಳಿಕೊಟ್ಟಿದ್ದರು. ಬೆಳಗ್ಗೆ ನಳದ ಹತ್ತಿರ ಹಲ್ಲುಜ್ಜುತ್ತ ನಿಂತವರಿಗೂ ಅದೇ ಪ್ರಶ್ನೆ.

ಅದೇ ದಿನಗಳಲ್ಲಿ ನನ್ನ ಮದುವೆಯ ಮಾತು ಬಂತು. ಹುಡುಗ ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ ಮನೆಯವರು. ಕಟ್ಟಿಗೆ ಅಡ್ಡೆಯಲ್ಲಿ ಕೆಲಸ. ನಾನು ಆಗಲೇ ಅವರನ್ನು ಸಂತೆಯಲ್ಲಿ ನೋಡಿದ್ದೆ, ಅವರೂ ನನ್ನನ್ನು ನೋಡಿದ್ದರು. ನನಗೆ ಅವರೇ ಬೇಕಾಗಿತ್ತು. ಆದರೆ ಆ ಮನೆಯಲ್ಲಿ ಎಲ್ಲದಕ್ಕೂ ಹುಡುಗನ ಸೋದರಮಾವನದೇ ಕೊನೆಯ ಮಾತು.

ನಿಶ್ಚಯಕ್ಕೆಂದು ಅವರೆಲ್ಲ ನಮ್ಮ ಮನೆಗೆ ಬಂದರು. ಬೆಲ್ಲ, ನೀರು ಕೊಟ್ಟಾಯಿತು. ಮದುವೆಯ ಪ್ರಾರ್ಥನೆ ನಡೆಸುವವರು ಇವರೇ ಎಂದು ಅಪ್ಪ ಸಣ್ಣ ಪಾದ್ರಿಯನ್ನು ಹೆಮ್ಮೆಯಿಂದ ಸೋದರಮಾವನ ಪಕ್ಕದಲ್ಲೇ ಕೂರಿಸಿದ. ಆ ಸಭೆಯವರಿಗೆ ಚಹಾ, ಕಾಫಿ ಎರಡೂ ನಿಷಿದ್ಧ. ಅವ್ವನಿಗೆ ಅದು ಗೊತ್ತಿತ್ತು, ಬೀಗರಿಗೆಂದಷ್ಟೇ ಚಹಾ ಮಾಡಿದ್ದಳು. ಆದರೆ ಅವಳ ಕೈಯಿಂದ ತಟ್ಟೆ ಇಸಿದುಕೊಂಡು ಚಹಾ ಹಂಚಿದವರು ಹುಡುಗನ ಅತ್ತಿಗೆ. ಸಣ್ಣ ಪಾದ್ರಿ ಬೇಡ ಎನ್ನಲು ಸಂಕೋಚಪಟ್ಟು ಕಪ್ಪು ತಗೊಂಡರು, ಸುಮ್ಮನೆ ಹಿಡಿದುಕೊಂಡು ಕೂತರು, ಕೊನೆಗೆ ಮೆಲ್ಲಗೆ ನೆಲದ ಮೇಲೆ ಇಟ್ಟುಬಿಟ್ಟರು.

ಸೋದರಮಾವ ಅದನ್ನೇ ನೋಡುತ್ತಿದ್ದರು. ತಾವೂ ಕಪ್ಪು ಕೆಳಗಿಟ್ಟು ಎದ್ದು ನಿಂತರು.

“ಹೋಟ್ಲದಾಗ ನಮ್ಮ ಕಪ್ಪು ಹೊರಗ ಇಡ್ತಾರ. ಇವರು ನಮ್ಮ ಕಪ್ಪು ಕೆಳಗ ಇಟ್ರು. ಎರಡೂ ಒಂದ. ಏಳ್ರಿ, ಹೋಗೂಣು.”

ಅಪ್ಪ ಅಡ್ಡ ಬಂದು, ಅದು ಜಾತಿಯ ಮಾತಲ್ಲ, ಅವರ ಧರ್ಮದಲ್ಲೇ ಚಹಾ ಇಲ್ಲ ಎಂದು ಅಂಗಲಾಚಿದ. ಸೋದರಮಾವ ನಂಬಲಿಲ್ಲ. ಚಹಾ ಕುಡಿದರೆ ಸಿಟ್ಟಾಗುವ ದೇವರು ಎಲ್ಲಾದರೂ ಇದ್ದಾನೆಯೇ ಎಂದರು. ಅವರದು ತಪ್ಪೆಂದು ಹೇಗೆ ಹೇಳಲಿ? ಸಿದ್ದಿಗಳೆಂದು ನೀರನ್ನು ಮೇಲಿಂದ ಸುರಿಸಿಕೊಂಡೇ ಬೆಳೆದ ಜನ ನಾವು. ನಮ್ಮ ಕೈಯದು ಬೇಡ ಎನ್ನುವವರು ನೂರು ನೆಪ ಹೇಳುತ್ತಾರೆಂದು ನಮಗೆ ಗೊತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹುಡುಗನೂ ತಲೆ ತಗ್ಗಿಸಿ ಎದ್ದಾಗಿತ್ತು.

ಸಣ್ಣ ಪಾದ್ರಿ ಅಂಗೈ ಒರೆಸಿಕೊಂಡರು. ಇನ್ನು ಪ್ರಾರ್ಥನೆ ಎನ್ನುತ್ತಾರೆ, ಅವರು ಕಣ್ಣು ತೆರೆಯುವುದರೊಳಗೆ ಬೀಗರು ಹಳಿಯಾಳ ಮುಟ್ಟಿರುತ್ತಾರೆ ಎಂದುಕೊಂಡೆ. ಆದರೆ ಅವರು ಕಣ್ಣು ಮುಚ್ಚಲಿಲ್ಲ. ಸೋದರಮಾವ ಕಚ್ಚಿ ಕುಡಿದು ಅರ್ಧ ಬಿಟ್ಟಿದ್ದ ನೀರಿನ ತಂಬಿಗೆ ಪಕ್ಕದಲ್ಲೇ ಇತ್ತು. ಅದನ್ನು ಎತ್ತಿದರು, ಅದೇ ಅಂಚಿಗೆ ತುಟಿ ಹಚ್ಚಿ ಗಟಗಟ ಕುಡಿದು ಬರಿದು ಮಾಡಿದರು.

“ಕಾಸಿದ ನೀರಲ್ಲರೀ ಅದು,” ಎಂದಳು ಅವ್ವ ಒಳಗಿಂದ. ಕುದಿಸದ ನೀರನ್ನು ಮುಟ್ಟಕೂಡದೆಂದು ಇಂಜಿನಿಯರ್ ಸಣ್ಣ ಪಾದ್ರಿಗೆ ಕಟ್ಟಪ್ಪಣೆ ಮಾಡಿ ಹೋಗಿದ್ದರು.

ಅವರು ಕೇಳಿಸಿಕೊಳ್ಳಲಿಲ್ಲ. ಸೋದರಮಾವನ ಮುಖ ನೋಡಿ, “ಚಹಾ ನಮಗ ಬ್ಯಾಡ್ರಿ. ನೀವು ಬೇಕು,” ಎಂದರು.

ಬೇರೆಯವರ ಎಂಜಲು ನಾವು ಉಂಡಿದ್ದುಂಟು. ನಮ್ಮ ಎಂಜಲನ್ನು ಬೇರೆಯವರು ಕುಡಿದದ್ದನ್ನು ಸೋದರಮಾವ ಅದೇ ಮೊದಲು ಕಂಡಿರಬೇಕು. ಅವರು ತಂಬಿಗೆಯನ್ನು ನೋಡಿದರು, ಸುಲಿದ ಮೂಗನ್ನು ನೋಡಿದರು, ಮೆಲ್ಲಗೆ ಕೂತರು. ಅವರು ಕೂತದ್ದೇ ಮಿಕ್ಕವರೂ ಕೂತರು. ನಾನು ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು.

ಆ ನೀರು ಅವರನ್ನು ಸುಮ್ಮನೆ ಬಿಡಲಿಲ್ಲ. ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದರು. ಸುದ್ದಿ ತಿಳಿದ ಸೋದರಮಾವ ಕಾಡಿನ ತೊಗಟೆ ಕಟ್ಟಿಕೊಂಡು ದಾಂಡೇಲಿಗೆ ಬಂದು, ತಾವೇ ಕಷಾಯ ಕುದಿಸಿ, ಇದು ಚಹಾ ಅಲ್ಲ, ನಿಮ್ಮ ದೇವರು ಏನೂ ಅನ್ನುವುದಿಲ್ಲ ಎಂದು ತಲೆಯ ಕೆಳಗೆ ಕೈಯಿಟ್ಟು ಕುಡಿಸಿದರು. ಮದುವೆಯ ದಿನ ಸಣ್ಣ ಪಾದ್ರಿಯ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ನಮಗಾಗಿ ಪ್ರಾರ್ಥಿಸಿದರು. ಅಂಗಳದಲ್ಲಿ ನಮ್ಮವರು ಡಮಾಮಿ ಬಾರಿಸಿದಾಗ ತಾಳ ತಪ್ಪಿ ಚಪ್ಪಾಳೆ ತಟ್ಟಿದರು.

ಹಿರಿಯರೊಬ್ಬರು ಬಂದು ಸಭೆಯನ್ನು ವಹಿಸಿಕೊಂಡ ಮೇಲೆ ಅವರು ಊರಿಗೆ ಹೊರಟರು. ನಾನೂ ನನ್ನ ಯಜಮಾನರೂ ದಾಂಡೇಲಿ ಸ್ಟೇಶನ್ನಿಗೆ ಹೋಗಿದ್ದೆವು. ನನ್ನ ಮದುವೆ ಉಳಿದದ್ದು ನಿಮ್ಮಿಂದಲೇ, ಈ ಋಣ ಹೇಗೆ ತೀರಿಸಲಿ ಎಂದೆ. ಅವರು ತಲೆಯಾಡಿಸಿದರು. ನಿಶ್ಚಯದ ದಿನ ಬೆಳಗ್ಗೆಯೇ ತಮ್ಮ ಟ್ರಂಕು ಕಟ್ಟಿಟ್ಟು ಬಂದಿದ್ದರಂತೆ. ಇದು ನನ್ನಿಂದಾಗದು, ಮನೆಗೆ ಹೋಗುತ್ತೇನೆ ಎಂದು ನಿರ್ಧರಿಸಿಬಿಟ್ಟಿದ್ದರಂತೆ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

“ಮಾವ ಎದ್ದು ಹೋಗಿದ್ರ ನಾನೂ ಹೋಗ್ತಿದ್ದೆ,” ಎಂದರು. “ಅವರು ಕೂತ್ರು. ಅದಕ್ಕ ನಾನೂ ಉಳಿದೆ.”